ಅಮಾಲ್ಫಿಗೆ ಹೊರಟವರೇ, ಅದೇ ರೈಲಿನಲ್ಲಿ ಇನ್ನೊಂದು ಗಂಟೆ ಕೂತಿರಿ

ಬೇಸಿಗೆ ರಜೆ ಹತ್ತಿರ ಬಂದರೆ ನಮ್ಮವರ ಯುರೋಪ್ ಪಟ್ಟಿ ಶುರುವಾಗುತ್ತದೆ. ಇಟಲಿ ಅಂದರೆ ರೋಮ್, ಫ್ಲಾರೆನ್ಸ್, ವೆನಿಸ್, ಪೀಸಾದ ಗೋಪುರಕ್ಕೆ ಕೈ ಕೊಟ್ಟು ನಿಂತ ಒಂದು ಫೋಟೋ. ಕೈಯಲ್ಲಿ ದುಡ್ಡು ಜಾಸ್ತಿ ಇದ್ದರೆ ಅಮಾಲ್ಫಿ. ಹೋಗಿ, ಬೇಡ ಅನ್ನಲ್ಲ. ಆದರೆ ಅಮಾಲ್ಫಿಗೆ ಅಂತ ಸಲೆರ್ನೊವರೆಗೆ ಹೋದವರು ಅಲ್ಲಿ ಇಳಿಯದೆ ದಕ್ಷಿಣಕ್ಕೆ ಇನ್ನೊಂದು ಗಂಟೆ ಕೂತರೆ ಚಿಲೆಂತೊ ಎಂಬ ಕರಾವಳಿ ಸೀಮೆ ಸಿಗುತ್ತದೆ. ನನ್ನ ಕೇಳಿದರೆ ಇಳಿಯಬೇಕಾದದ್ದು ಅಲ್ಲಿ.

ಒಂದು ಕಡೆ ಸಮುದ್ರ, ಅದರ ಬೆನ್ನಿಗೇ ಗುಡ್ಡ, ಗುಡ್ಡದ ತುಂಬಾ ಆಲಿವ್ ಮರ. ಒಳಗೆ ಹೋದಷ್ಟೂ ಎತ್ತರ. ಅಲ್ಲಿನ ಚೆರ್ವಾತಿ ಬೆಟ್ಟ ಹತ್ತಿರ ಹತ್ತಿರ 1,900 ಮೀಟರ್ ಇದೆ. ಈ ಇಡೀ ಸೀಮೆಯನ್ನು 1991ರಲ್ಲಿ ರಾಷ್ಟ್ರೀಯ ಉದ್ಯಾನ ಮಾಡಿದರು. 1998ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೂ ಸೇರಿತು. ಬೆಳಿಗ್ಗೆ ಈಜಿ, ಮಧ್ಯಾಹ್ನ ಊಟ ಮಾಡಿ, ಸಂಜೆ ಬೆಟ್ಟದ ಹಳ್ಳಿಯ ಕಟ್ಟೆ ಮೇಲೆ ಕೂರಬಹುದು. ಬಿಸಿಲಿಗಂತೂ ಬರವಿಲ್ಲ.

ಇಂಥ ಜಾಗ ಕಂಡಾಗ "ಅಬ್ಬಾ, ಎಷ್ಟು ಚೆನ್ನಾಗಿ ಉಳಿಸಿಕೊಂಡಿದ್ದಾರೆ" ಅಂತ ಎಲ್ಲರೂ ಹೇಳುತ್ತಾರೆ. ನನ್ನ ತಕರಾರು ಇಲ್ಲೇ. ಬಹಳ ಕಾಲ ಇದನ್ನು ಯಾರೂ ಉಳಿಸಿಕೊಂಡದ್ದಲ್ಲ. ಜನ ಬಿಟ್ಟು ಹೋದದ್ದಕ್ಕೆ ಉಳಿಯಿತು.

ಪೆಸ್ತುಮ್ ನೋಡಿ. ಕ್ರಿಸ್ತಪೂರ್ವ 600ರ ಸುಮಾರಿಗೆ ಗ್ರೀಕರು ಬಂದು ಕಟ್ಟಿದ ಊರು. ಮೂರು ದೊಡ್ಡ ದೇವಾಲಯಗಳು ಇಂದಿಗೂ ಬಯಲಲ್ಲಿ ಕಂಬ ಸಮೇತ ನಿಂತಿವೆ. ಸುತ್ತಲಿನ ನೆಲ ಜೌಗಾಯಿತು, ಮಲೇರಿಯಾ ಬಂತು, ಕಡಲಿನಿಂದ ದಾಳಿಕೋರರು ಬಂದರು. ಜನ ಗುಡ್ಡ ಹತ್ತಿ ಬೇರೆ ಊರು ಮಾಡಿಕೊಂಡರು. ಕೆಳಗೇ ಇದ್ದಿದ್ದರೆ ಆ ಕಲ್ಲುಗಳೆಲ್ಲ ಯಾರ ಯಾರ ಮನೆಯ ಪಾಯಕ್ಕೆ ಹೋಗುತ್ತಿದ್ದವೋ. ಕರಾವಳಿಯ ಹಳೆಯ ಹಳ್ಳಿಗಳು ನೀರಿನ ಪಕ್ಕ ಇರದೆ ಮೇಲೆ ಕೂತಿರುವುದಕ್ಕೂ ಇದೇ ಭಯ ಕಾರಣ. ನಾವು "ವ್ಯೂ ಎಷ್ಟು ಚೆಂದ" ಅಂತ ಫೋಟೋ ತೆಗೆಯುವ ಜಾಗದಿಂದ ಅವರು ಕಳ್ಳ ಹಡಗು ಬರುತ್ತಿದೆಯಾ ಅಂತ ನೋಡುತ್ತಿದ್ದರು.

ಆಮೇಲೆ ಬಡತನ. ಹತ್ತೊಂಬತ್ತನೇ ಶತಮಾನದ ಕೊನೆಯಿಂದ ಇಲ್ಲಿನವರು ಹಡಗು ಹತ್ತಿ ಅಮೆರಿಕ, ಅರ್ಜೆಂಟೀನಾ, ಬ್ರೆಜಿಲ್, ವೆನೆಜುವೆಲಾ ಅಂತ ಹೊರಟುಬಿಟ್ಟರು. ಊರಲ್ಲಿ ಜನವೇ ಇಲ್ಲದ ಮೇಲೆ ಹೋಟೆಲ್ ಕಟ್ಟುವವರು ಯಾರು?

ಊಟದ ಕಥೆಯೂ ಇದೇ. ಈಗ ಪ್ರಪಂಚವೆಲ್ಲ ಮೆಡಿಟರೇನಿಯನ್ ಡಯಟ್ ಅಂತ ಹೇಳುತ್ತದಲ್ಲ, ಅದನ್ನು ಜಗತ್ತಿಗೆ ಸಾರಿದ ಅಮೆರಿಕದ ವಿಜ್ಞಾನಿ ಆನ್ಸೆಲ್ ಕೀಸ್ ದಶಕಗಳ ಕಾಲ ಮನೆ ಮಾಡಿಕೊಂಡಿದ್ದದ್ದು ಇಲ್ಲಿನ ಪಿಯೊಪ್ಪಿ ಎಂಬ ಪುಟ್ಟ ಊರಲ್ಲಿ. 1904ರಲ್ಲಿ ಹುಟ್ಟಿ 2004ರವರೆಗೆ ಬದುಕಿದರು. ಅವರ ಅಧ್ಯಯನಗಳ ಬಗ್ಗೆ ವಿಜ್ಞಾನಿಗಳ ಜಗಳ ಇನ್ನೂ ಮುಗಿದಿಲ್ಲ, ಅದು ಬೇರೆ ವಿಷಯ. ಆದರೆ ಅವರು ಕಂಡ ಊಟ ಯಾವುದು? ಕಡಲೆಕಾಳಿನ ಜೊತೆ ಬೇಯಿಸಿದ ಅಗಲ ಪಟ್ಟಿಯ ಪಾಸ್ತಾ. ಕಲ್ಲಿನಂತೆ ಒಣಗಿದ ಬ್ರೆಡ್ಡನ್ನು ನೀರಲ್ಲಿ ನೆನೆಸಿ ಟೊಮೆಟೊ, ಉಪ್ಪು, ಆಲಿವ್ ಎಣ್ಣೆ ಹಾಕಿದ 'ಅಕ್ವಾಸಾಲೆ'. ಸೊಪ್ಪು, ಹುರುಳಿಕಾಯಿ, ಒಣಗಿಸಿದ ಬಿಳಿ ಅಂಜೂರ. ಮಾಂಸ ಹಬ್ಬಕ್ಕೆ ಮಾತ್ರ. ಆರೋಗ್ಯಕ್ಕೆ ಅಂತ ಯಾರೂ ಹೀಗೆ ತಿನ್ನುತ್ತಿರಲಿಲ್ಲ, ಇದ್ದದ್ದೇ ಇಷ್ಟು. ಬೇರೆ ಊರುಗಳ ಹೋಟೆಲಲ್ಲಿ ಇದಕ್ಕೇ ಅಲಂಕಾರ ಮಾಡಿ ದುಬಾರಿ ಬೆಲೆಗೆ ಕೊಡುವಾಗ ನನಗೆ ನಗು ಬರುತ್ತದೆ. ಅಕ್ವಾಸಾಲೆ ಮಾತ್ರ ನಿಜಕ್ಕೂ ಸೊಗಸು, ಬಿಸಿಲಿಗೆ ಹೇಳಿ ಮಾಡಿಸಿದ್ದು.

ಮೀನು ತಿನ್ನುವವರಿಗೆ ಪಿಶೊತ್ತಾದ ಕಡಲ ದಂಡೆ. ವಸಂತದಿಂದ ಬೇಸಿಗೆಯ ನಡುವಿನವರೆಗೆ, ಕಡಲು ಶಾಂತವಾಗಿರುವ ರಾತ್ರಿಗಳಲ್ಲಿ, 'ಮೆನಾಯಿಕಾ' ಎಂಬ ಹಳೆಯ ಬಲೆ ಹಾಕುತ್ತಾರೆ. ಬಲೆಯ ಕಣ್ಣಿನ ಅಳತೆ ಹೇಗಿದೆ ಅಂದರೆ ಮರಿ ಆಂಚೊವಿಗಳು ತಪ್ಪಿಸಿಕೊಳ್ಳುತ್ತವೆ, ದೊಡ್ಡವು ಮಾತ್ರ ಸಿಕ್ಕಿಕೊಳ್ಳುತ್ತವೆ. ಒಂದೊಂದನ್ನೂ ಕೈಯಲ್ಲೇ ಬಿಡಿಸಿ, ತಲೆ ಮುರಿದು, ಉಪ್ಪು ಹಾಕಿ ಮಣ್ಣಿನ ಜಾಡಿಯಲ್ಲಿ ತಿಂಗಳುಗಟ್ಟಲೆ ಇಡುತ್ತಾರೆ. ಈ ಬಲೆ ಹಾಕುವ ದೋಣಿಗಳು ಈಗ ಬೆರಳೆಣಿಕೆಯಷ್ಟು.

ಆದರೆ ಇಂದಿನ ಕಾಲದಲ್ಲಿ ಬಡತನವೊಂದರಿಂದಲೇ ಕಡಲತೀರ ಉಳಿಯುವುದಿಲ್ಲ. ಕಾಂಕ್ರೀಟಿನವರು ಎಲ್ಲಿಗಾದರೂ ಬರುತ್ತಾರೆ. ಆಗ ಯಾರಾದರೂ ಅಡ್ಡ ನಿಲ್ಲಬೇಕು. ಇಲ್ಲಿ ನಿಂತವರು ಆಂಜೆಲೊ ವಸ್ಸಾಲ್ಲೊ. ಮೀನುಗಾರ. ಪಿಯೊಪ್ಪಿ, ಅಚ್ಚಾರೊಲಿ ಎರಡೂ ಸೇರುವ ಪೊಲ್ಲಿಕಾದ ಮೇಯರ್ ಆದರು. ಅಕ್ರಮ ಕಟ್ಟಡ ತಡೆದರು, ಕಡಲು ಚೊಕ್ಕಟವಾಗಿರಬೇಕು ಅಂತ ಹಟ ಹಿಡಿದರು. ಸಿಗರೇಟಿನ ತುಂಡು ಬೀದಿಗೆ ಎಸೆದರೆ ಸಾವಿರ ಯೂರೋವರೆಗೆ ದಂಡ ಅಂತ ಆದೇಶ ಹೊರಡಿಸಿದರು. ಮೆಡಿಟರೇನಿಯನ್ ಊಟದ ಪದ್ಧತಿಗೆ ಯುನೆಸ್ಕೊ ಮನ್ನಣೆ ಸಿಗಲಿ ಅಂತ ಓಡಾಡಿದರು. 2010ರ ಸೆಪ್ಟೆಂಬರ್ 5ರ ರಾತ್ರಿ ಮನೆಗೆ ಹೋಗುವ ದಾರಿಯಲ್ಲಿ ಅವರನ್ನು ಕಾರಿನಲ್ಲೇ ಗುಂಡಿಟ್ಟು ಕೊಂದರು. ಯುನೆಸ್ಕೊ ಮನ್ನಣೆ ಬಂದದ್ದು ಅದೇ ನವೆಂಬರ್‌ನಲ್ಲಿ.

ಅಚ್ಚಾರೊಲಿಯ ಬಂದರಿನಲ್ಲಿ ಕಾಫಿ ಕುಡಿಯುವಾಗ ಇದು ಗೊತ್ತಿರಬೇಕು ಅನ್ನುವುದು ನನ್ನ ಅಭಿಪ್ರಾಯ. ಸುಮ್ನೆ "ಏನ್ ಕ್ಲೀನ್ ಆಗಿದೆ ಗುರೂ" ಅಂದು ಬರುವ ಜಾಗ ಅಲ್ಲ ಅದು.

ಇನ್ನೊಂದು ಮಾತು, ಸ್ವಲ್ಪ ಖಾರವಾಗಿಯೇ ಹೇಳುತ್ತೇನೆ. ಕೆಲವರಿಗೆ ಇಂಥ ಊರು ಹೀಗೇ ಇರಬೇಕು, ಏನೂ ಬದಲಾಗಬಾರದು. ಅಲ್ಲಿಯ ಹುಡುಗರು ಕೆಲಸಕ್ಕೆ ಅಂತ ಮಿಲಾನಿಗೋ ಜರ್ಮನಿಗೋ ಹೋಗುತ್ತಿದ್ದಾರೆ. ಚಳಿಗಾಲದಲ್ಲಿ ಒಳನಾಡಿನ ಹಳ್ಳಿಗಳಲ್ಲಿ ಮುದುಕರೇ ಉಳಿಯುತ್ತಾರೆ. ಅವರಿಗೆ ಒಳ್ಳೆಯ ರಸ್ತೆ, ಹತ್ತಿರದಲ್ಲಿ ಆಸ್ಪತ್ರೆ ಬೇಡವಾ? ನಾಲ್ಕು ದಿನ ಇದ್ದು ಹೋಗುವ ನಮ್ಮ ಫೋಟೋ ಚೆಂದ ಬರಲಿ ಅಂತ ಅವರು ಹಿಂದೆ ಉಳಿಯಬೇಕಾ? ವಸ್ಸಾಲ್ಲೊ ಊರನ್ನು ಮ್ಯೂಸಿಯಂ ಮಾಡಲು ಹೊರಟವರಲ್ಲ. ಕಡಲು ಚೊಕ್ಕ ಇದ್ದರೆ ಅದರಿಂದಲೇ ಊರಿನವರು ಬದುಕಬಹುದು ಅಂತ ನಂಬಿದವರು. ನಾವು ಮಾಡಬಹುದಾದದ್ದು ಅಂದರೆ ದುಡ್ಡನ್ನು ಅಲ್ಲಿನ ಮನೆಯವರಿಗೆ, ಅಲ್ಲಿನ ಅಂಗಡಿಗೆ ಕೊಡುವುದು. ತೋಟದ ನಡುವೆ ಕೋಣೆ ಬಾಡಿಗೆಗೆ ಕೊಡುವ ರೈತರ ಮನೆಗಳು ಬೇಕಾದಷ್ಟಿವೆ.

ಹೋಗುವವರಿಗೆ: ಆಗಸ್ಟ್ ಬೇಡವೇ ಬೇಡ. ಆಗ ಇಡೀ ಇಟಲಿಗೆ ರಜೆ, ನೇಪಲ್ಸ್‌ನ ಅರ್ಧ ಊರು ಇಲ್ಲೇ ಕೊಡೆ ಹಾಕಿಕೊಂಡು ಮಲಗಿರುತ್ತದೆ. ಮೇ, ಜೂನ್ ಅಥವಾ ಸೆಪ್ಟೆಂಬರ್ ಒಳ್ಳೆಯದು. ನೇಪಲ್ಸ್‌ನಿಂದ ಅಗ್ರೊಪೊಲಿ, ಅಶೆಯಾ, ಪಿಶೊತ್ತಾಗಳಿಗೆ ನೇರ ರೈಲಿದೆ. ಅಶೆಯಾದಲ್ಲಿ ಇಳಿದರೆ ತತ್ವಜ್ಞಾನಿ ಪಾರ್ಮೆನಿಡೀಸ್ ಇದ್ದ ಹಳೆಯ ಎಲೆಯಾ ಊರಿನ ಅವಶೇಷ ಪಕ್ಕದಲ್ಲೇ. ಸ್ಟೇಷನ್‌ನಿಂದ ಬೆಟ್ಟದ ಹಳ್ಳಿಗಳಿಗೆ ಬಸ್ ತೀರಾ ಕಮ್ಮಿ, ಭಾನುವಾರವಂತೂ ನಂಬಬೇಡಿ. ಕಾರ್ ಬಾಡಿಗೆಗೆ ತೆಗೆದುಕೊಂಡರೆ ನೆಮ್ಮದಿ. ಆದರೆ ತಿರುವುಗಳು ಜಾಸ್ತಿ, ವಾಂತಿ ಬರುವವರು ಮಾತ್ರೆ ಇಟ್ಟುಕೊಳ್ಳಿ. ಕಟ್ಟಾ ಸಸ್ಯಾಹಾರಿಗಳಿಗೆ ಊಟಕ್ಕೆ ಕಷ್ಟವಿಲ್ಲ. ಒಂದೇ ಎಚ್ಚರ: ಇಲ್ಲಿನ ಹೆಸರುವಾಸಿ ಎಮ್ಮೆ ಹಾಲಿನ ಮೊಝರೆಲ್ಲಾವನ್ನು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕಿ ಒಡೆಸುತ್ತಾರೆ. ತಿನ್ನುವುದು ಬಿಡುವುದು ನಿಮಗೆ ಬಿಟ್ಟದ್ದು. ನಾನಂತೂ ತಿಂದೆ.