ಬೇಲಿ ಮೇಯ್ದವರು

ಮನೆ ಕಟ್ಟಿ ಮುಗಿಯುವುದಕ್ಕೂ ದುಡ್ಡು ಮುಗಿಯುವುದಕ್ಕೂ ಸರಿಹೋಯಿತು. ಕಾಂಪೌಂಡ್ ಗೋಡೆ ನಕ್ಷೆಯಲ್ಲೇ ಉಳಿಯಿತು. ‘ದಾಸವಾಳದ ಬೇಲಿ ಹಾಕೋ ಮಾರಾಯ. ವರ್ಷಪೂರ್ತಿ ಹಸಿರು, ಬಿಟ್ಟಿ ಹೂವು, ಸಾಯಿಸ್ತೀನಿ ಅಂದ್ರೂ ಸಾಯಲ್ಲ’ ಎಂದರು ತೀರ್ಥಹಳ್ಳಿ ಕಡೆಯ ನಮ್ಮ ದೊಡ್ಡಮ್ಮ. ಕೊನೆಯ ಮಾತನ್ನು ಅವರು ನನ್ನ ಕೈಗುಣ ನೋಡದೆ ಆಡಿದ್ದರು.

ದಾಸವಾಳ ಬೀಜ ಕಟ್ಟುವುದು ಅಪರೂಪ, ಗೆಲ್ಲು ನೆಟ್ಟೇ ಬೆಳೆಸಬೇಕು. ಆರಿದ್ರಾ ಮಳೆ ಹಿಡಿದ ಕೂಡಲೇ ದೊಡ್ಡಮ್ಮ ಪೆನ್ಸಿಲ್ ದಪ್ಪದ, ಗೇಣುದ್ದದ ಗೆಲ್ಲುಗಳನ್ನು ಗೋಣಿಚೀಲದಲ್ಲಿ ಬಸ್ಸಿಗೆ ಹಾಕಿದರು. ಎಲೆ ಸವರಿದ ಕಡ್ಡಿಗಳು. ರೈನ್‌ಕೋಟ್ ಹಾಕಿಕೊಂಡು, ಒಂದೂವರೆ ಅಡಿಗೊಂದರಂತೆ ಎರಡು ಸಾಲು ನೆಟ್ಟು ಬೆನ್ನು ಹಿಡಿಸಿಕೊಂಡೆ. ತಿಂಗಳಾಯಿತು. ಅರ್ಧ ಚಿಗುರಿದವು, ಇನ್ನರ್ಧ ಸುಮ್ಮನೆ ನಿಂತಿದ್ದವು. ಕಿತ್ತು ನೋಡಿದರೆ ಕಣ್ಣುಗಳೆಲ್ಲ ಪಾತಾಳ ನೋಡುತ್ತಿವೆ! ‘ಓರೆ ಕಡಿದದ್ದು ಬುಡ, ನೇರ ಕಡಿದದ್ದು ತಲೆ. ಅಷ್ಟೂ ಗೊತ್ತಾಗಲ್ವೇನೋ?’ ದೊಡ್ಡಮ್ಮ ನಕ್ಕಿದ್ದು ಫೋನಿಲ್ಲದಿದ್ದರೂ ನನಗೆ ಕೇಳಿಸುತ್ತಿತ್ತು.

ಬದುಕಿದ ಗಿಡಗಳನ್ನು ಬೀದಿಯ ಹಸುವೊಂದು ನೋಡಿಟ್ಟುಕೊಂಡಿತು. ಬೇಲಿಯೇ ಎದ್ದು ಹೊಲ ಮೇಯ್ದ ಗಾದೆ ಗೊತ್ತು. ನಮ್ಮಲ್ಲಿ ಬೇಲಿಯನ್ನೇ ಮೇಯ್ದರು. ಬೇಲಿಗೆ ಮುಳ್ಳಿನ ಇನ್ನೊಂದು ಬೇಲಿ ಕಟ್ಟಿದೆ. ಆಮೇಲೆ ಚಿಗುರಿಗೆಲ್ಲ ಹತ್ತಿಯಂಥ ಹಿಟ್ಟು ತಿಗಣೆ, ಅದರ ಹಿಂದೆ ಇರುವೆಗಳ ಮೆರವಣಿಗೆ. ಬಟ್ಟೆ ಸೋಪಿನ ನೀರು ಗಟ್ಟಿಯಾಗಿ ಕಲಸಿ ಹೊಡೆದೆ. ತಿಗಣೆ ಹೋಯಿತು. ಎಲೆಯೂ ಹೋಯಿತು.

ಆದರೂ ದೊಡ್ಡಮ್ಮನ ಮಾತು ಸುಳ್ಳಾಗಲಿಲ್ಲ. ಎರಡನೇ ವರ್ಷ ಬೇಲಿ ಎದೆಮಟ್ಟ ಬೆಳೆದು ಕೆಂಪಗೆ ಹೂ ಬಿಟ್ಟಿತು. ಜನ ಒಳಗೆ ಬರದಿರಲಿ ಎಂದು ಹಾಕಿದ ಬೇಲಿ ನೋಡಲೆಂದೇ ಜನ ಬರತೊಡಗಿದರು. ಬೆಳಗಿನ ವಾಕಿಂಗಿನವರ ಕೈಯಲ್ಲಿ ಪ್ಲಾಸ್ಟಿಕ್ ಕವರ್, ಕೊಕ್ಕೆ ಕೋಲು. ಪಕ್ಕದ ಮನೆಯವರು ಸೊಪ್ಪು ಕಿವುಚಿ ತಲೆಗೆ ಹಚ್ಚಲು ಬಂದರೆ, ಹಿಂದಿನ ಮನೆಯವರು ದೋಸೆಗೆ ರುಬ್ಬಲು. ಹೈಸ್ಕೂಲ್ ಹುಡುಗರು ‘ಅಂಕಲ್, ಲ್ಯಾಬ್‌ಗೆ ಹೂವು’ ಅಂತ ಬಂದು, ಕೇಸರ ಶಲಾಕೆ ಸೀಳಿ ನೋಡಲು ತಲೆಗೆ ನಾಲ್ಕರಂತೆ ಒಯ್ದರು. ಒಂದು ಸಾಲದೇ ಎಂದರೆ, ‘ಸ್ಪೇರ್ ಬೇಕು ಅಂಕಲ್.’

ಎದುರು ಮನೆಯ ನಿವೃತ್ತ ಮೇಷ್ಟ್ರದ್ದು ಇನ್ನೂ ಘನವಾದ ವಿಧಾನ. ಹೂ ಕೀಳುತ್ತಲೇ ಪಾಠ. ‘ಇದಕ್ಕೆ ಲಿನೇಯಸ್ ಇಟ್ಟ ಹೆಸರಿನ ಅರ್ಥವೇ ಚೀನಾದ ಗುಲಾಬಿ ಅಂತ ಕಣ್ರೀ. 1960ರಲ್ಲಿ ಮಲೇಷ್ಯಾದವರು ರಾಷ್ಟ್ರೀಯ ಪುಷ್ಪ ಮಾಡಿಕೊಂಡಿದ್ದೂ ಇದನ್ನೇ.’ ಲಿನೇಯಸ್ಸಿಗೊಂದು, ಮಲೇಷ್ಯಾಕ್ಕೆರಡು ಎಂದು ಬುಟ್ಟಿ ತುಂಬುತ್ತಿತ್ತು. ಗೌರವದಿಂದ ತಲೆಯಾಡಿಸುವುದರಲ್ಲೇ ನನ್ನ ಹೂ ಖಾಲಿ.

ಅರಳಿದ ಹೂ ಒಂದೇ ದಿನದ್ದು, ಆದ್ದರಿಂದ ಬೆಳಗ್ಗೆ ಐದಕ್ಕೇ ಕಾವಲು ಕುಳಿತೆ. ಗಿಡದಲ್ಲಿ ಒಂದೂ ಇಲ್ಲ! ಸಂಜೆಯೇ ಮೊಗ್ಗು ಕೊಯ್ದು ಮನೆಯಲ್ಲಿಟ್ಟರೆ ಬೆಳಗ್ಗೆ ತಾನಾಗಿ ಅರಳುತ್ತದೆ ಎನ್ನುವುದು ಬೀದಿಗೆಲ್ಲ ಗೊತ್ತಿತ್ತು, ನೆಟ್ಟವನೊಬ್ಬನನ್ನು ಬಿಟ್ಟು.

ಸಿಟ್ಟು ಬಂತು. ದೊಡ್ಡ ಕತ್ತರಿ ತಂದು ಬೇಲಿಯನ್ನು ಪಾರ್ಕಿನ ಬೇಲಿಯ ಹಾಗೆ ಚೌಕವಾಗಿ ಕತ್ತರಿಸಿದೆ. ನೋಡಲು ಬಲು ಚಂದ. ಪ್ರತಿ ಹದಿನೈದು ದಿನಕ್ಕೂ ಚಿಗುರು ಸವರಿದೆ. ಹೂ ಬಿಡುವುದೇ ಚಿಗುರಿನ ತುದಿಯಲ್ಲಿ ಎನ್ನುವುದು ಮರೆತಿತ್ತು, ಅಥವಾ ಮರೆತಂತೆ ಮಾಡಿದ್ದೆ. ಕವರುಗಳು, ಕೊಕ್ಕೆಗಳು, ಲ್ಯಾಬಿನ ಹುಡುಗರು ಎಲ್ಲ ಮಾಯ. ಗೆದ್ದೆ ಎಂದುಕೊಂಡೆ.

ಸಂಕಷ್ಟಿಯ ಬೆಳಗ್ಗೆ ಒಳಗಿನಿಂದ ದನಿ ಬಂತು: ‘ರೀ, ಗಣಪತಿಗೆ ಕೆಂಪು ದಾಸವಾಳ ಬೇಕು. ಇಷ್ಟುದ್ದ ಬೇಲಿ ಇಟ್ಟುಕೊಂಡು ಅಂಗಡಿಯಿಂದ ತರಬೇಡಿ, ನಾಚಿಕೆ.’

ಕತ್ತಲಿನ್ನೂ ಹರಿದಿರಲಿಲ್ಲ. ಒಂದು ಕವರ್ ಜೇಬಿಗೆ ತುರುಕಿ, ಬಟ್ಟೆ ಒಣಹಾಕುವ ಕೋಲು ಹಿಡಿದು ಮುಂದಿನ ಕ್ರಾಸಿಗೆ ಹೋದೆ. ಅಲ್ಲೊಂದು ಮನೆಯ ಬೇಲಿಯಲ್ಲಿ ದಾಸವಾಳ ತುಂಬಿ ತುಳುಕುತ್ತಿತ್ತು. ಗೆಲ್ಲು ಬಗ್ಗಿಸುವಷ್ಟರಲ್ಲಿ ಆಚೆಯಿಂದ ಎಲೆ ಸರಿದ ಸದ್ದು. ಎದೆ ಧಸಕ್ಕೆಂದಿತು.

ಮೇಷ್ಟ್ರು! ಒಂದು ಹೆಜ್ಜೆ ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟು, ಪಿಸುದನಿಯಲ್ಲಿ ಹೇಳಿದರು: ‘ಬನ್ನಿ ಬನ್ನಿ, ಈ ಕಡೆ ಜಾಸ್ತಿ ಇವೆ. ನಾಯಿ ಕಟ್ಟಿದ್ದಾರೆ.’