ಲಾಂಚ್ ತಪ್ಪಿದ ಶನಿವಾರಗಳು

ಸ್ವಭಾವ ಹೊಂದಿದರೆ ಮಾತ್ರ ಸ್ನೇಹ ಬಾಳುತ್ತೆ ಅಂತ ಮೊನ್ನೆ ಯಾರೋ ಹೇಳಿದರು. ನಗು ಬಂತು. ನನಗೂ ಅವನಿಗೂ ನಲವತ್ತು ವರ್ಷದ ಸ್ನೇಹ. ಹೊಂದುವ ಗುಣ ಒಂದೂ ಇಲ್ಲ.

ಅವನದು ಶರಾವತಿ ಹಿನ್ನೀರಿನ ಆಚೆ, ತುಮರಿ ಕಡೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಮೇಲೆ ಆ ಕಡೆಯವರು ಸಾಗರಕ್ಕೆ ಬರಬೇಕಂದ್ರೆ ಹಿನ್ನೀರು ದಾಟಿಸುವ ದೊಡ್ಡ ದೋಣಿ, ಅಂದ್ರೆ ಲಾಂಚ್ ಹತ್ತಬೇಕಿತ್ತು, ಇಲ್ಲಾ ಊರೆಲ್ಲ ಸುತ್ತಬೇಕಿತ್ತು. ಹೈಸ್ಕೂಲಿಗೆ ಅವನು ಸಾಗರದ ನೆಂಟರ ಮನೆಯಲ್ಲಿದ್ದ. ಶನಿವಾರ ಅರ್ಧ ದಿನ ಶಾಲೆ, ಆಮೇಲೆ ಊರಿಗೆ. ಕತ್ತಲಾದಮೇಲೆ ಲಾಂಚ್ ಇರುತ್ತಿರಲಿಲ್ಲ. ನಾನಾಗಿದ್ದರೆ ಬೆಲ್ ಹೊಡೆಯುವ ಮೊದಲೇ ಚೀಲ ಹೆಗಲಿಗೇರುತ್ತಿತ್ತು. ಇವನು "ಇನ್ನೊಂದೇ ಓವರ್ ಮಾರಾಯ" ಅಂತ ಮೈದಾನದಲ್ಲೇ ಇರುತ್ತಿದ್ದ. ಬಸ್ಸು ತಪ್ಪುತ್ತಿತ್ತು, ಜೊತೆಗೆ ಲಾಂಚೂ. ನೆಂಟರ ಮನೆಗೆ ವಾಪಸ್ ಹೋದರೆ ಬೈಗುಳ. ಹಾಗಾಗಿ ನಮ್ಮನೆ.

ಅಮ್ಮ ಏನೂ ಕೇಳದೆ ಇನ್ನೊಂದು ಬಾಳೆಲೆ ಹಾಕುತ್ತಿದ್ದಳು. ನಾನು ಉಪ್ಪಿನಕಾಯಿಯ ಒಂದು ಅಪ್ಪೆಮಿಡಿಯನ್ನು (ಎಳೆ ಮಾವಿನಕಾಯಿ) ಚೂರುಚೂರೇ ಕಚ್ಚಿ, ಸಾರನ್ನದಿಂದ ಮಜ್ಜಿಗೆ ಅನ್ನದವರೆಗೆ ಎಳೆಯುತ್ತಿದ್ದೆ. ಅವನು ಮೊದಲ ತುತ್ತಿಗೇ ಇಡೀ ಮಿಡಿ ಬಾಯಿಗೆ ಹಾಕಿ, ತೊಟ್ಟು ಮಾತ್ರ ಎಲೆ ತುದಿಗಿಟ್ಟು, "ಅಮ್ಮಾ, ಇನ್ನೊಂದು" ಅನ್ನುತ್ತಿದ್ದ. ಒಂದು ವರ್ಷ ದೀಪಾವಳಿಗೆ ಮೊದಲೇ ಭರಣಿ ತಳ ಕಂಡಿತ್ತು. ಬೈಸಿಕೊಂಡಿದ್ದು ನಾನು!

ಆಮೇಲೆ ನಾನು ಬ್ಯಾಂಕ್ ಸೇರಿದೆ, ಅವನು ಅಡಿಕೆ ತೋಟಕ್ಕೆ ಹೋದ. ಪ್ರತಿ ಜೂನಿನಲ್ಲಿ ಫೋನಿನಲ್ಲಿ ಅದೇ ಜಗಳ. ಕೊಳೆ ರೋಗಕ್ಕೆ ಮೈಲುತುತ್ತ-ಸುಣ್ಣ ಹೊಡೆಸಿದ್ಯಾ? "ಸ್ವಲ್ಪ ಹೊಳವಾಗ್ಲಿ ಮಾರಾಯ." ನಮ್ಮ ಕಡೆ ಮಳೆ ಹಿಡಿದಮೇಲೆ ಹೊಳವಾಗೋದು ಯಾವಾಗ? ಒಂದು ವರ್ಷ ಅರ್ಧ ಫಸಲು ಕೊಳೆತು ಉದುರಿತು. ತೋಟ ಅವನದು, ನಿದ್ದೆ ಕೆಟ್ಟಿದ್ದು ನನ್ನದು. ಅವನು ಅವತ್ತು ರಾತ್ರಿ ತಾಳಮದ್ದಳೆ ಕೇಳೋಕೆ ಹೋಗಿದ್ದ.

ಅವನು ಹೊತ್ತಿಗೆ ಸರಿಯಾಗಿ ಬಂದಿದ್ದು ಒಂದೇ ಸಲ. ಅಮ್ಮ ಹೋದ ರಾತ್ರಿ. ಲಾಂಚ್ ಇಲ್ಲದ ಹೊತ್ತು, ಜೋರು ಮಳೆ. ನಗರ, ಹೊಸನಗರ ಸುತ್ತಿ ಬೈಕಿನಲ್ಲಿ ಬಂದು, ಬೆಳಗಾಗುವ ಮೊದಲೇ ಜಗಲಿಯಲ್ಲಿ ಕೂತಿದ್ದ. ಒದ್ದೆ ಬಟ್ಟೆ ಕೂಡ ಬದಲಾಯಿಸಿರಲಿಲ್ಲ.

ವಿರುದ್ಧ ಗುಣದವರು ಒಬ್ಬರಿಗೊಬ್ಬರು ಪೂರಕ ಅಂತಾರಲ್ಲ, ಅದನ್ನೂ ನಾನು ಒಪ್ಪಲ್ಲ. ಅವನ ನಿಧಾನ ನನಗೆ ಇವತ್ತಿಗೂ ತಲೆಬಿಸಿ. ನನ್ನ ಲೆಕ್ಕಾಚಾರ ಅವನಿಗೆ ತಮಾಷೆ. ನಮ್ಮನ್ನು ಕೂಡಿಸಿದ್ದು ಗುಣ ಅಲ್ಲ, ಲಾಂಚಿನ ಟೈಮು. ಶನಿವಾರ ಶನಿವಾರ ಒಂದೇ ಕಂಬಳಿಯಡಿ ಮಲಗಬೇಕು ಅಂದಮೇಲೆ ಸಿಟ್ಟು ಎಷ್ಟು ಹೊತ್ತು ನಿಲ್ಲುತ್ತೆ?

2025ರ ಜುಲೈನಲ್ಲಿ ಆ ಹಿನ್ನೀರಿಗೆ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ಆಯಿತು. ಎರಡು ಕಿಲೋಮೀಟರಿಗೂ ಜಾಸ್ತಿ ಉದ್ದ. ಆ ಕಡೆಯವರು ದಶಕಗಟ್ಟಲೆ ಕಾದಿದ್ದು. ಹೊಟ್ಟೆನೋವು ಅಂತ ರಾತ್ರಿ ಒದ್ದಾಡುವವರು ಬೆಳಗಿನ ಲಾಂಚಿಗೆ ಕಾಯಬೇಕಿಲ್ಲ. ಖುಷಿಯೇ. ಆದರೂ, ಹೇಳೋಕೆ ನಾಚಿಕೆ, ನನಗೆ ಒಳಗೊಳಗೇ ಸ್ವಲ್ಪ ಬೇಜಾರಾಯಿತು.

ಆಮೇಲೆ ಒಂದು ಶನಿವಾರ ನಾನು ಸಾಗರದ ಮನೆಗೆ ಬಂದಿದ್ದೆ. ಮಧ್ಯಾಹ್ನ ಬರ್ತೀನಿ ಅಂದವನು ಸಂಜೆ ಏಳಕ್ಕೆ ಬಂದ. ಕಾರು ಅಂಗಳದಲ್ಲೇ ನಿಲ್ಲಿಸಿದ್ದ. ಊಟ ಆಯಿತು, ಹರಟೆ ಆಯಿತು. ಒಂಬತ್ತೂವರೆಗೆ ಗೋಡೆ ಗಡಿಯಾರ ನೋಡಿ, "ಥೋ, ಲಾಂಚ್ ತಪ್ತಲ್ಲೋ" ಅಂದು ಕಂಬಳಿ ಎಳೆದುಕೊಂಡ.