ಗೊಂಜಾ ಮತ್ತೆ ಕಸದ ಬುಟ್ಟಿ ಸೇರಿತು

ಬಾಣಲೆಯಲ್ಲಿ ಎಣ್ಣೆ ಕಾಯುತ್ತಿತ್ತು. ಗೊಂಜಾ ಬಾಳೆಹಣ್ಣಿಗೆಂದು ಮೂಲೆಯ ಬುಟ್ಟಿಗೆ ಕೈ ಹಾಕಿದರೆ ಖಾಲಿ.

"ರೀ, ಇಲ್ಲಿದ್ದ ಗೊಂಜಾ ಎಲ್ಲಿ?"

"ಅದಾ? ಕೊಳೆತು ಹೋಗಿತ್ತು ಕಣೇ, ಎಸೆದೆ. ನೊಣ ಬರುತ್ತೆ."

ನಾವಿರುವ ಉಗಾಂಡಾದ ಕಂಪಾಲಾದಲ್ಲಿ ಬಾಳೆ ಅಂದರೆ ಒಂದೇ ಬಾಳೆಯಲ್ಲ. ಎಲೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸಿ ಊಟಕ್ಕೆ ಬಡಿಸುವ ಹಸಿರು ಮಾಟೊಕೆ ಬೇರೆ, ಹಾಗೇ ಸುಲಿದು ತಿನ್ನುವ ಬೊಗೊಯಾ ಬೇರೆ. ಗೊಂಜಾ ಉದ್ದನೆಯದು, ನಮ್ಮ ನೇಂದ್ರ ಬಾಳೆಯ ದಾಯಾದಿ. ಹಳದಿ ಇರುವಾಗಲೇ ಕರಿದರೆ ಸಪ್ಪೆ. ಸಿಪ್ಪೆ ಕಪ್ಪಾಗುವವರೆಗೆ ಕಾಯಬೇಕು, ಆಗಲೇ ಒಳಗೆ ಸಿಹಿ ಏರುವುದು. ಓರೆಯಾಗಿ ಹೆಚ್ಚಿ, ಚೂರು ಉಪ್ಪು ಸವರಿ, ಹದವಾದ ಉರಿಯಲ್ಲಿ ಕರಿದರೆ ಅಂಚು ಕೆಂಪಗೆ, ನಡು ಹಲ್ವದ ಹಾಗೆ. ಕಡಲೆಹಿಟ್ಟು ಬೇಡ, ಖಾರ ಬೇಡ. ಬೇಕಾದದ್ದು ತಾಳ್ಮೆ, ಅದೂ ನಮ್ಮ ಮನೆಯಲ್ಲಿ!

ನಮ್ಮನೆಯವರು ಮೈಸೂರಿನವರು. ಆಫೀಸಿಗೆ ಹೊರಡುವ ಮುಂಚೆ ಅಡುಗೆಮನೆಯಲ್ಲಿ ಒಂದು ತಪಾಸಣೆ ನಡೆಯುತ್ತದೆ. ಕಪ್ಪು ಚುಕ್ಕೆ ಕಂಡರೆ ಮುಗಿಯಿತು. ಎರಡೇ ಬೆರಳಲ್ಲಿ ತೊಟ್ಟು ಹಿಡಿಯುತ್ತಾರೆ. ಮುಖ ಆಚೆ ತಿರುಗಿಸಿ, ಕೈ ಚಾಚಿ, ಕಸದ ಬುಟ್ಟಿಯವರೆಗೆ ನಡೆಯುತ್ತಾರೆ. ಕಾಲಲ್ಲಿ ಮುಚ್ಚಳ ತೆರೆದು ಬಿಡುತ್ತಾರೆ. ಆಮೇಲೆ ಸೋಪು ಹಾಕಿ ಕೈ ತೊಳೆದು, ಒರೆಸಿಕೊಂಡು, ಮನೆ ಉಳಿಸಿದವರ ಗತ್ತಿನಲ್ಲಿ ನನ್ನ ಕಡೆ ನೋಡುತ್ತಾರೆ. ಇದೇ ಮನುಷ್ಯ ಮೈಸೂರಿನಿಂದ ಹೊತ್ತು ತಂದ, ಯಾವ ಫೋನಿಗೂ ಆಗದ ಚಾರ್ಜರ್ ವೈರುಗಳಲ್ಲಿ ಒಂದನ್ನೂ ಎಸೆದವರಲ್ಲ. "ಯಾವತ್ತಾದರೂ ಬೇಕಾಗುತ್ತೆ" ಅಂತೆ. ನಾಳೆ ಬೇಕಾಗುವ ಗೊಂಜಾ ಮಾತ್ರ ಇವತ್ತೇ ಹೋಗಬೇಕು.

ಅದೇ ಮನುಷ್ಯನನ್ನು ಜಿಂಜಾ ಊರಿನ ರಸ್ತೆಯಲ್ಲಿ ಹೋಗುವಾಗ ನೋಡಬೇಕು. ದಾರಿಬದಿಯ ನಮವೊಜ್ಜೊಲೊ ಸಂತೆಯಲ್ಲಿ ಗಾಡಿ ನಿಧಾನವಾದ ಕೂಡಲೇ ಮಾರುವವರು ಕಿಟಕಿಗೆ ಮುತ್ತುತ್ತಾರೆ. ಕಡ್ಡಿಗೆ ಚುಚ್ಚಿದ ಕೋಳಿ, ಕೆಂಡದಲ್ಲಿ ಸುಟ್ಟ ಗೊಂಜಾ. ನಮ್ಮನೆಯವರು ಮೂರು ಗೊಂಜಾ ಮುಗಿಸಿ, ಬೆರಳು ನೆಕ್ಕಿ, "ಇಷ್ಟು ಚೆನ್ನಾಗಿದೆ, ಮನೆಯಲ್ಲಿ ನೀನು ಯಾಕೆ ಇದನ್ನ ಮಾಡಲ್ಲ?" ಅಂತಾರೆ. ಡ್ರೈವರ್ ಇದ್ದ ಅಂತ ಸುಮ್ನೆ ಇದ್ದೆ.

ನಾನು ಉಡುಪಿ ಕಡೆಯವಳು. ಹಣ್ಣು ಕಪ್ಪಾದರೆ ನಮ್ಮಮ್ಮನ ಮುಖ ಅರಳುತ್ತಿತ್ತು. ರಾತ್ರಿಯೇ ಹಿಸುಕಿ, ಮೈದಾ, ಮೊಸರು, ಜೀರಿಗೆ ಹಾಕಿ ಕಲಸಿಟ್ಟರೆ ಬೆಳಿಗ್ಗೆ ಬನ್ಸ್. ನಾವು ಮಕ್ಕಳು ಚಂದದ ಹಳದಿ ಹಣ್ಣನ್ನು ಮುಟ್ಟದೆ, ಯಾವಾಗ ಕಪ್ಪಾಗುತ್ತೋ ಅಂತ ದಿನಾ ಗೊನೆಯ ಹತ್ತಿರ ಹೋಗಿ ನೋಡುತ್ತಿದ್ದೆವು. ಆ ಗೊನೆ ತೂಗುಹಾಕುತ್ತಿದ್ದ ಕೊಕ್ಕೆ ಈಗಲೂ ಅಲ್ಲೇ ಇದೆ. ಅಮ್ಮನಿಗೆ ಸಕ್ಕರೆ ಕಾಯಿಲೆ, ಬನ್ಸ್ ಮಾಡುವವರಿಲ್ಲ.

ಇವತ್ತು ಮತ್ತೆ ಗೊಂಜಾ ತಂದಿದ್ದೇನೆ. ಅಕ್ಕಿ ಡ್ರಮ್ಮಿನಲ್ಲಿ ಹೂತಿಟ್ಟಿದ್ದೇನೆ. ಅಕ್ಕಿಯೊಳಗಿದ್ದರೆ ಬೇಗ ಹಣ್ಣಾಗುತ್ತದೆ, ಅದೊಂದು ಲಾಭ. ಇನ್ನೊಂದು, ಮದುವೆಯಾದಾಗಿನಿಂದ ಆ ಡ್ರಮ್ಮಿನ ಮುಚ್ಚಳ ತೆಗೆದವಳು ನಾನೊಬ್ಬಳೇ.